ಕೋಪರ್ ಕಲ್ಯಾಣದಲ್ಲಿದೆ

ಅವತ್ತು ಸಂಜೆಯೂ ನಾನು ಫೋನ್ ಮಾಡಿ ಒಂದೇ ಮಾತು ಹೇಳಿದೆ. "ಕೋಪರ್."

ಆ ಕಡೆಯಿಂದ ಸುಮಂಗಲಾ ಅಂದಳು, "ಹೂಂ."

ಅಷ್ಟೇ. ನಮ್ಮ ಸಂಸಾರದ ಸಂಜೆಯ ಮಾತುಕತೆ ವರ್ಷಗಟ್ಟಲೆ ಇಷ್ಟೇ ಉದ್ದವಿತ್ತು.

ಈ ಕಡೆಯ ರೈಲು ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಠಾಣೆಯಿಂದ ಸ್ಲೋ ಲೋಕಲ್ ಹಿಡಿದರೆ ಡೊಂಬಿವಲಿಗಿಂತ ಒಂದು ಸ್ಟೇಷನ್ ಮೊದಲು ಸಿಗುವುದು ಕೋಪರ್. ರಬಾಳೆಯ ಆಫೀಸ್ ಮುಗಿಸಿ, ಠಾಣೆಯಲ್ಲಿ ಗಾಡಿ ಬದಲಿಸಿ, ಕೋಪರ್ ಬಂದ ಕೂಡಲೇ ನಾನು ಫೋನ್ ಮಾಡಬೇಕು. ಅವಳು ಚಹಾಕ್ಕೆ ಇಡಬೇಕು. ನಾನು ಡೊಂಬಿವಲಿಯಲ್ಲಿ ಇಳಿದು, ಶೇರ್ ರಿಕ್ಷಾದ ಸಾಲಿನಲ್ಲಿ ನಿಂತು, ಮೆಟ್ಟಿಲು ಹತ್ತಿ ಬೆಲ್ ಒತ್ತುವ ಹೊತ್ತಿಗೆ ಅವಳು ಚಹಾ ಸೋಸುತ್ತಿರಬೇಕು. ಸಾಲು ಉದ್ದವಿದ್ದ ದಿನ ಚಹಾ ಕುದಿದು ಕಹಿಯಾಗುತ್ತಿತ್ತು. ಅದಕ್ಕೂ ಬೈಸಿಕೊಳ್ಳುವವನು ನಾನೇ.

ಅವತ್ತು ಚಹಾದಲ್ಲಿ ಶುಂಠಿ ಜಾಸ್ತಿಯಾಗಿತ್ತು. ಹೇಳಿದೆ. "ನಾಳೆ ಕಮ್ಮಿ ಹಾಕ್ತೀನಿ, ತಗೋರಿ" ಅಂದಳು.

ಮರುದಿನ ಬೆಳಿಗ್ಗೆ ಅವಳು ಏಳಲಿಲ್ಲ.

ಈ ಅಂಕಣ ಇಷ್ಟು ತಿಂಗಳು ನಿಂತಿತ್ತಲ್ಲ, ಕಾರಣ ಇದು. ವಿಚಾರಿಸಿದ ನಿಮಗೆಲ್ಲ ಉತ್ತರ ಬರೆಯಲು ಆಗಲಿಲ್ಲ. ಕೂತರೆ ಎರಡು ಸಾಲು ಬರುತ್ತಿತ್ತು, ಮೂರನೆಯದು ಬರುತ್ತಿರಲಿಲ್ಲ. ಈಗ ಬರೆಯಲು ಹೊರಟಿರುವುದು ಮೊಣಕೈಯ ಬಗ್ಗೆ. ನಗಬೇಡಿ. (ಅಥವಾ ನಗಿ. ಅವಳಿದ್ದಿದ್ದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದಳು.)

ಅವಳು ಹೋದಮೇಲೆ ನಾನು ಫಾಸ್ಟ್ ಗಾಡಿ ಹಿಡಿಯತೊಡಗಿದೆ. ಆಫೀಸಿನವರು "ಈ ವಯಸ್ಸಿನಲ್ಲಿ ಫಾಸ್ಟ್‌ನ ಗರ್ದಿ ಯಾಕೆ?" ಎಂದು ಕೇಳಿದರು. ಬೇಗ ಮನೆ ಸೇರಬಹುದು ಎಂದೆ. ಬೇಗ ಸೇರಿ ಮಾಡುವುದೇನು? ಫಾಸ್ಟ್ ಗಾಡಿ ಕೋಪರ್‌ನಲ್ಲಿ ನಿಲ್ಲುವುದಿಲ್ಲ. ವಿಷಯ ಅಷ್ಟೇ.

ಮನೆಯಲ್ಲಿ ಉಳಿದವರು ಇಬ್ಬರು. ನಾನು ಮತ್ತು ಮಗಳು ಪಲ್ಲವಿ. ಪಲ್ಲವಿ ಕಲ್ಯಾಣದಲ್ಲಿ ಕಾಲೇಜಿಗೆ ಹೋಗುತ್ತಾಳೆ, ಅಂದರೆ ಕಬಡ್ಡಿ ಆಡುತ್ತಾಳೆ. ರೇಡರ್. ಎದುರಾಳಿಯ ಅಂಕಣಕ್ಕೆ ಒಬ್ಬಳೇ ನುಗ್ಗಿ ಮುಟ್ಟಿ ಬರುವ ಕೆಲಸ. (ನನ್ನ ಅಂಕಣಕ್ಕೆ ಯಾರೂ ಅಷ್ಟು ಧೈರ್ಯವಾಗಿ ನುಗ್ಗಿದ್ದಿಲ್ಲ.) ಈ ಸಲ ಜಿಲ್ಲಾ ತಂಡಕ್ಕೆ ಅವಳು ಖಂಡಿತ ಎಂದು ಕೋಚ್ ಹೇಳಿದ್ದ. ಆಯ್ಕೆ ಚಳಿಗಾಲದಲ್ಲಿ.

ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ. ಉತ್ತರ ಮಾತ್ರ ಹಿಂದಿಯಲ್ಲಿ, ಸಿಟ್ಟು ಬಂದರೆ ಮರಾಠಿಯಲ್ಲಿ. ನನ್ನದೋ ಆಫೀಸಿನ ಮರಾಠಿ. ಅದರಲ್ಲಿ ಚಲನ್ ಇದೆ, ಸಹಿ ಇದೆ, ಸಾಹೇಬರು ಊಟಕ್ಕೆ ಹೋಗಿದ್ದಾರೆ ಎನ್ನುವುದಿದೆ. ಮನುಷ್ಯನ ಅಂಗಾಂಗಗಳಿಲ್ಲ. ಮೊದಲು ನಮ್ಮಿಬ್ಬರ ನಡುವೆ ಸುಮಂಗಲಾ ಇರುತ್ತಿದ್ದಳು. ನನ್ನ ಮಾತನ್ನು ಅವಳಿಗೆ, ಅವಳ ಮಾತನ್ನು ನನಗೆ ದಾಟಿಸುತ್ತಿದ್ದಳು. ಈಗ ನಾವು "ಊಟ?", "ಹೋ ಗಯಾ" ಎಂಬಷ್ಟಕ್ಕೆ ಬಂದಿದ್ದೆವು.

ಹೀಗಿರುವಾಗ ಒಂದು ಸಂಜೆ, ಫಾಸ್ಟ್ ಗಾಡಿಯ ಬಾಗಿಲಲ್ಲಿ ಒಬ್ಬರ ಟಿಫಿನ್ ಬ್ಯಾಗು ಮತ್ತು ಇನ್ನೊಬ್ಬರ ಹೆಗಲಿನ ನಡುವೆ ಸಿಕ್ಕಿಕೊಂಡು ನಿಂತಿದ್ದಾಗ ಪಲ್ಲವಿಯ ಫೋನ್ ಬಂತು. ಅಳುತ್ತಿದ್ದಳು.

"ಪಪ್ಪಾ... ಕೋಪರ್... ಗೇಲಂ... ಲವ್‌ಕರ್ ಯಾ!"

ಕಟ್ ಆಯಿತು.

ಗೇಲಂ ಎಂದರೆ ಹೋಯಿತು. ಲವ್‌ಕರ್ ಯಾ ಎಂದರೆ ಬೇಗ ಬನ್ನಿ. ಇಷ್ಟು ನನಗೆ ಬರುತ್ತದೆ. ಕೋಪರ್ ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಹುಡುಗಿ ಕೋಪರ್‌ಗೆ ಹೋಗಿದ್ದಾಳೆ. ಅಲ್ಲಿ ಏನೋ ಆಗಿದೆ. ತಿರುಗಿ ಫೋನ್ ಮಾಡಿದರೆ ಸ್ವಿಚ್ ಆಫ್.

ನಮ್ಮ ಗಾಡಿ ಕೋಪರ್‌ನ ಮೇಲೆ ಧಡಧಡ ಹಾದುಹೋಯಿತು. ನಾನು ಬಾಗಿಲಿನಿಂದ ಕುತ್ತಿಗೆ ಚಾಚಿ ಪ್ಲಾಟ್‌ಫಾರ್ಮ್ ಪೂರ್ತಿ ನೋಡಿದೆ. "ಕಾಕಾ, ಅಂದರ್!" ಎಂದು ನಾಲ್ಕು ಜನ ಅಂಗಿ ಹಿಡಿದೆಳೆದರು. ಡೊಂಬಿವಲಿಯಲ್ಲಿ ಇಳಿದು, ಸೇತುವೆ ಹತ್ತಿ ಇಳಿದು, ಎದುರು ದಿಕ್ಕಿನ ಸ್ಲೋ ಹಿಡಿದು ಒಂದು ಸ್ಟೇಷನ್ ವಾಪಸ್ ಹೋದೆ. ಅಷ್ಟು ದಿನ ತಪ್ಪಿಸಿಕೊಂಡು ಓಡಾಡಿದ ಸ್ಟೇಷನ್ನಿಗೆ ಹೀಗೆ ಓಡಿಕೊಂಡು ಹೋದೆ.

ಅಲ್ಲಿ ಪಲ್ಲವಿ ಇಲ್ಲ. ಮೇಲಿನ ಪ್ಲಾಟ್‌ಫಾರ್ಮಿನಲ್ಲಿಲ್ಲ, ಕೆಳಗಿನದರಲ್ಲೂ ಇಲ್ಲ. ರೈಲ್ವೆ ಪೊಲೀಸ್ ಹೆಂಗಸೊಬ್ಬಳು ಸಿಕ್ಕಳು. ನನ್ನ ಎಲ್ಲ ಮರಾಠಿಯನ್ನೂ ಒಟ್ಟುಗೂಡಿಸಿ ಹೇಳಿದೆ: ನನ್ನ ಮಗಳು, ಕೋಪರ್, ಅಳುತ್ತಿದ್ದಾಳೆ, ಕೋಪರ್.

"ಹೇಚ್ ಕೋಪರ್, ಕಾಕಾ" ಎಂದಳು ಆಕೆ, ಸಮಾಧಾನದಿಂದ. ಇದೇ ಕೋಪರ್.

"ಹೌದು ತಾಯಿ, ಗೊತ್ತು" ಎಂದೆ ಕನ್ನಡದಲ್ಲಿ.

ಅಷ್ಟರಲ್ಲಿ ಕೋಚ್‌ನ ಫೋನ್ ಬಂತು. ಅವನು ಗಾಬರಿಯಲ್ಲಿದ್ದ. "ಕಾಕಾ, ಕುಠೇ ಆಹಾತ್? ಕೋಪರ್ ಫ್ರ್ಯಾಕ್ಚರ್ ವಾಟ್ತಂಯ್!" ಎಲ್ಲಿದ್ದೀರಿ, ಕೋಪರ್ ಫ್ರ್ಯಾಕ್ಚರ್ ಆದಂತಿದೆ ಎನ್ನುತ್ತಿದ್ದ.

"ನಾನು ಕೋಪರ್‌ನಲ್ಲೇ ಇದ್ದೇನೆ!" ಎಂದು ಕೂಗಿದೆ.

ಅವನು ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದ: "ನಾಹೀ ಕಾಕಾ. ಕೋಪರ್ ಕಲ್ಯಾಣ್‌ಲಾ ಆಹೇ."

ಕೋಪರ್ ಕಲ್ಯಾಣದಲ್ಲಿದೆ.

ನೀವೇ ಹೇಳಿ, ದಶಕಗಳ ಕಾಲ ಪಾಸ್ ತೆಗೆಸಿ ಓಡಾಡಿದ ಮನುಷ್ಯನಿಗೆ, ಕೋಪರ್ ಪ್ಲಾಟ್‌ಫಾರ್ಮಿನ ಮೇಲೆ, ಕೋಪರ್ ಎಂದು ದೊಡ್ಡದಾಗಿ ಬರೆದ ಹಳದಿ ಬೋರ್ಡಿನ ಕೆಳಗೆ ನಿಂತಿರುವಾಗ ಹೀಗೆಂದರೆ ಹೇಗಾಗಬೇಡ? ನಾನು ಬೋರ್ಡ್ ನೋಡಿದೆ. ಪೊಲೀಸ್ ಹೆಂಗಸಿನ ಮುಖ ನೋಡಿದೆ. ಕೋಚ್ ಫೋನಿನಲ್ಲಿ ಕೂಗಿದ್ದೂ ಆಕೆಗೆ ಕೇಳಿಸಿತ್ತು. ತನ್ನ ತೋಳು ಮಡಚಿ, ಮೊಣಕೈಯನ್ನು ಬೆರಳಿನಿಂದ ಎರಡು ಸಲ ತಟ್ಟಿ ತೋರಿಸಿದಳು.

ಮರಾಠಿಯಲ್ಲಿ ಮೊಣಕೈಗೆ ಕೋಪರ್ ಅನ್ನುತ್ತಾರೆ. ಇಷ್ಟು ವರ್ಷ ನಾನು ಪ್ರತಿ ಸಂಜೆ ಹೆಂಡತಿಗೆ ಫೋನ್ ಮಾಡಿ "ಮೊಣಕೈ" ಎಂದು ಹೇಳಿ ಇಡುತ್ತಿದ್ದೆ.

ರೇಡ್ ಮುಗಿಸಿ ಹಿಂದಿರುಗುವಾಗ ಹಿಂದಿನಿಂದ ಹಿಡಿದಿದ್ದಾರೆ. ಬೀಳುವಾಗ ಪಲ್ಲವಿ ಬಲಗೈ ಊರಿದ್ದಾಳೆ. ಊರಿದ್ದು ಅಂಗೈ, ಪೆಟ್ಟಾದದ್ದು ಮೊಣಕೈಗೆ. ಮರುದಿನ ಠಾಣೆಯ ಮೂಳೆ ಡಾಕ್ಟರಮ್ಮ (ಪುಣ್ಯಕ್ಕೆ ಕನ್ನಡದವರು) ಎಕ್ಸ್-ರೇ ಬೆಳಕಿಗೆ ಹಿಡಿದು ತೋರಿಸಿದರು. ಮೊಣಕೈ ಕೀಲಿನೊಳಗೆ, ಮುಂಗೈಯ ಒಂದು ಮೂಳೆಯ ತಲೆಯಲ್ಲಿ ಬಿರುಕು. ಆದರೆ ಒಡೆದ ಚೂರು ಜಾಗ ಬಿಟ್ಟು ಸರಿದಿಲ್ಲ. ನನಗೆ ಕಂಡದ್ದು ಕೂದಲೆಳೆಯಂಥ ಒಂದು ಗೆರೆ.

"ಆಪರೇಷನ್ ಯಾವತ್ತು?" ಎಂದೆ.

"ಆಪರೇಷನ್ ಬೇಡ."

"ಹಾಗಾದರೆ ಪ್ಲಾಸ್ಟರ್?"

"ಪ್ಲಾಸ್ಟರೂ ಬೇಡ. ಕೆಲವು ದಿನ ಜೋಳಿಗೆಯ ಹಾಗೆ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ಕೈ ಇರಲಿ. ನೋವು ಇಳಿದ ಕೂಡಲೇ ಆಡಿಸಲು ಶುರು ಮಾಡಬೇಕು."

ಮುರಿದದ್ದನ್ನು ಆಡಿಸುವುದೇ? ಡಾಕ್ಟರಮ್ಮ ತಾಳ್ಮೆಯಿಂದ ಹೇಳಿದರು. ಮೊಣಕೈ ಬಹಳ ಬೇಗ ಮುನಿಸಿಕೊಳ್ಳುವ ಕೀಲು. ವಾರಗಟ್ಟಲೆ ಅಲುಗಾಡಿಸದೆ ಇಟ್ಟರೆ ಮೂಳೆ ಕೂಡುತ್ತದೆ, ಕೈ ಮಾತ್ರ ಮಡಚಿದಲ್ಲೇ ನಿಂತುಬಿಡುತ್ತದೆ. ನೇರವಾಗದ ಕೈಯಲ್ಲಿ ರೇಡರ್ ಏನು ಮುಟ್ಟಿಯಾಳು? ಅದಕ್ಕೇ ಮೆಲ್ಲಗೆ ಮಡಚಬೇಕು, ಚಾಚಬೇಕು, ಅಂಗೈ ಮೇಲೆ ಮಾಡಬೇಕು, ಕೆಳಗೆ ಮಾಡಬೇಕು. ಭಾರ ಎತ್ತಕೂಡದು. ಬೀಳಕೂಡದು. ಯಾರೂ ಜಗ್ಗಕೂಡದು, ತಿಕ್ಕಕೂಡದು. ನಡುನಡುವೆ ಎಕ್ಸ್-ರೇ ತೆಗೆದು ನೋಡುತ್ತೇನೆ. ಚೂರು ಸರಿದರೆ ಆಗ ಆಪರೇಷನ್ ಮಾತು. ಸರಿಯದೆ, ಕೀಲು ಬಿಗಿಯದೆ ಬಂದರೆ ಚಳಿಗಾಲಕ್ಕೆ ಆಡಬಹುದು.

ಅಂದರೆ ಅಲ್ಲಾಡಿಸದಿದ್ದರೆ ಕೈ ಹೋಗುತ್ತದೆ. ಹೆಚ್ಚು ಅಲ್ಲಾಡಿಸಿದರೂ ಹೋಗುತ್ತದೆ. ಪಲ್ಲವಿಯ ಕಬಡ್ಡಿ ಈ ಎರಡರ ನಡುವಿನ ಗೆರೆಯ ಮೇಲೆ ನಿಂತಿತ್ತು.

ಇನ್ನು ನಮ್ಮ ಬಿಲ್ಡಿಂಗಿನ ಕಥೆ ಕೇಳಿ. ನೋಡಲು ಬಂದವರಿಗೆಲ್ಲ ದೊಡ್ಡ ನಿರಾಸೆ. ಪ್ಲಾಸ್ಟರಿನ ಮೇಲೆ ಹೆಸರು ಬರೆಯಲು ಪೆನ್ ಹಿಡಿದು ಬಂದ ಗೆಳತಿಯರಿಗೆ ಬರೆಯಲು ಜಾಗವೇ ಇಲ್ಲ. ಎದುರು ಮನೆಯ ಶೆಟ್ಟರು (ಕಲ್ಯಾಣದ ಹೋಟೆಲೊಂದರಲ್ಲಿ ಮ್ಯಾನೇಜರು) ಪಟ್ಟಿಯನ್ನು ಆ ಕಡೆ ಈ ಕಡೆ ನೋಡಿ ಕೇಳಿಯೇಬಿಟ್ಟರು: "ಪ್ಲಾಸ್ಟರ್ ಇಲ್ಲ, ಆಪರೇಷನ್ ಇಲ್ಲ. ಮತ್ತೆ ಮುರಿದದ್ದು ಎಂಥದು ಮಾರಾಯ್ರೆ?"

ಉಲ್ಹಾಸನಗರದಿಂದ ಸುಮಂಗಲಾಳ ತಮ್ಮ ಬಸವರಾಜ ಬಂದ. ಅಲ್ಲಿ ಅವನದು ಬಟ್ಟೆ ಅಂಗಡಿ. ಅವನಿಗೆ ಇದು ಅವಮಾನವೇ ಆಗಿತ್ತು. "ಭಾವಜಿ, ಆಪರೇಶನ್ ಬ್ಯಾಡ ಅಂದ್ರ ಎಂಥಾ ಡಾಕ್ಟರ್ರೀ ಆಕಿ? ನಮ್ಮ ಬಾಜೂ ಅಂಗಡಿಯವ್ನ ಕೈಯಾಗ ರಾಡ್ ಹಾಕ್ಯಾರ. ಎಷ್ಟ್ ಛಂದ ಕಾಣ್ತದ ಎಕ್ಸ್-ರೇದಾಗ!"

ಮೂಳೆ ಮುರಿದವರ ನಡುವೆಯೂ ಅಂತಸ್ತಿದೆ, ನೋಡಿ. ರಾಡ್ ಹಾಕಿಸಿಕೊಂಡವನು ಮೇಲು. ಪ್ಲಾಸ್ಟರಿನವನು ನಡುವೆ. ಬರೀ ಪಟ್ಟಿ ಕಟ್ಟಿಕೊಂಡವಳನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಬಸವರಾಜ ಬಂಧುಗಳ ವಾಟ್ಸ್ಆ್ಯಪ್ ಗುಂಪಿಗೆ "ಪಲ್ಲವಿ ಕೋಪರ್ ಫ್ರ್ಯಾಕ್ಚರ್" ಎಂದು ಹಾಕಿದ್ದ. ಹುಬ್ಬಳ್ಳಿಯ ದೊಡ್ಡಮ್ಮ ಫೋನ್ ಮಾಡಿದರು. "ಆ ಸ್ಟೇಶನ್ದಾಗ ಎಲ್ಲಾರೂ ಬೀಳ್ತಾರಂತಲ್ಲೋ? ನೀವು ಮೊದ್ಲು ಮನಿ ಬದ್ಲಿ ಮಾಡ್ರಿ."

ನಾನು ಎಲ್ಲರಿಗೂ ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. ಆದರೆ ನಾನೇನು ಮಾಡಿದೆ? ಹುಡುಗಿಯ ಕೈ ಅಲುಗಾಡದ ಹಾಗೆ ನೋಡಿಕೊಂಡೆ. ರಜೆ ಹಾಕಿ ಕೂತೆ. ಊಟ ಕಲಸಿ ಬಾಯಿಗಿಟ್ಟೆ. ನೀರಿನ ಲೋಟ ಹಿಡಿದೆ. ಅವಳು ಬಲಗೈ ತುಸು ಎತ್ತಿದರೆ "ಬೇಡ, ಬೇಡ" ಎಂದು ಓಡಿದೆ. ಅವಳೂ ಹೆದರಿದ್ದಳು. ಕೈಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಸೋಫಾದ ಮೂಲೆಯಲ್ಲಿ ಇಡೀ ದಿನ ಕೂತಿರುತ್ತಿದ್ದಳು.

ಎರಡನೆಯ ಎಕ್ಸ್-ರೇ ಚೆನ್ನಾಗಿತ್ತು. ಚೂರು ಸರಿದಿರಲಿಲ್ಲ. ಆದರೆ ಡಾಕ್ಟರಮ್ಮ ಪಟ್ಟಿ ಬಿಚ್ಚಿ "ಕೈ ಚಾಚು" ಎಂದಾಗ ಕೈ ಅರ್ಧಕ್ಕೇ ನಿಂತಿತು. ಪಲ್ಲವಿಯ ಕಣ್ಣಲ್ಲಿ ನೀರು. ಡಾಕ್ಟರಮ್ಮ ನನ್ನನ್ನು ನೋಡಿದರು.

"ಪ್ಲಾಸ್ಟರ್ ನಾನು ಹಾಕಿರಲಿಲ್ಲ" ಎಂದರು. "ನೀವು ಮನೆಯಲ್ಲಿ ಹಾಕಿದ್ದೀರಿ."

ಮನೆಗೆ ಬಂದು ಸುಮ್ಮನೆ ಅಡುಗೆಮನೆ ನೋಡಿದೆ. ಚಹಾ ಮಾಡುವ ಪಾತ್ರೆ ಸುಮಂಗಲಾ ತೊಳೆದು ಬೋರಲು ಹಾಕಿದಲ್ಲೇ ಇತ್ತು. ಅವತ್ತಿನಿಂದ ಈ ಮನೆಯಲ್ಲಿ ಚಹಾ ಆಗಿರಲಿಲ್ಲ. ನಾನು ಸ್ಟೇಷನ್ನಿನ ಹತ್ತಿರ ಕುಡಿದು ಬರುತ್ತಿದ್ದೆ. ಪಲ್ಲವಿ ಎಲ್ಲಿ ಕುಡಿಯುತ್ತಿದ್ದಳೋ ನಾನು ಕೇಳಿರಲಿಲ್ಲ.

ಮರುದಿನದಿಂದ ಕಸರತ್ತು ಶುರುವಾಯಿತು. ಸೂಚನೆ ಕನ್ನಡದಲ್ಲಿ, ಉತ್ತರ ಹಿಂದಿಯಲ್ಲಿ. ಅಂಗೈ ಮೇಲೆ ಮಾಡುವುದಕ್ಕೆ ನಾನು "ಬೇಡು" ಎಂದು ಹೆಸರಿಟ್ಟೆ. ಕೆಳಗೆ ಮಾಡುವುದಕ್ಕೆ "ಕೊಡು". ಬೇಡು, ಕೊಡು, ಬೇಡು, ಕೊಡು. ತೆರೆದ ಬಾಗಿಲಿನಿಂದ ಇದನ್ನು ಕಂಡ ಶೆಟ್ಟರು ಚಪ್ಪಲಿ ಬಿಟ್ಟು ಒಳಗೇ ಬಂದರು. "ಎಂಥದಿದು? ಒಳ್ಳೆ ಕಬಡ್ಡಿ ಆಡುವ ಹುಡುಗಿಗೆ ಭಿಕ್ಷೆ ಬೇಡ್ಲಿಕ್ಕೆ ಕಲಿಸುವುದಾ?"

ಮಡಚಿ ಚಾಚುವುದಕ್ಕೆ ಪಲ್ಲವಿ ತನ್ನದೇ ದಾರಿ ಹುಡುಕಿದಳು. ಕಣ್ಣು ಮುಚ್ಚಿ, ಉಸಿರು ಕಟ್ಟಿ, "ಕಬಡ್ಡಿ ಕಬಡ್ಡಿ ಕಬಡ್ಡಿ" ಎನ್ನುತ್ತ ನೋವು ತಡೆಯುವಷ್ಟು ಚಾಚಿ ಹಿಂದಕ್ಕೆ ಬರುವುದು. ಉಸಿರು ಮುಗಿದರೆ ಔಟ್. ಕೇಳುತ್ತ ಕೂತ ಶೆಟ್ಟರಿಗೂ ತಡೆಯಲಾಗಲಿಲ್ಲ. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತೂ ಕೂತೂ ಅವರ ಭುಜ ಹಿಡಿದಿತ್ತಂತೆ. ಅವರೂ ಶುರು ಮಾಡಿದರು. ಒಬ್ಬನೇ ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲ ಎಂದು ನಾನೂ ಸೇರಿದೆ. ಸೊಸೈಟಿಯ ಸೆಕ್ರೆಟರಿ ನೀರಿನ ಟ್ಯಾಂಕಿನ ವಿಷಯ ಹೇಳಲು ಬಂದವರು ಬಾಗಿಲಲ್ಲೇ ನಿಂತರು. ಒಳಗೆ ಮೂರು ಜನ ಸಾಲಾಗಿ ನಿಂತು ಕೈ ಮಡಚುತ್ತ ಕಬಡ್ಡಿ ಕಬಡ್ಡಿ ಎನ್ನುತ್ತಿದ್ದಾರೆ. ಅವರು ಏನೂ ಹೇಳದೆ ಹೋದರು. ಮರುದಿನ ನೀರು ಬರಲಿಲ್ಲ. ಯಾಕೆಂದು ನಮಗೆ ಮಾತ್ರ ಗೊತ್ತಿರಲಿಲ್ಲ.

ಕೈ ದಿನಾ ಒಂದಿಷ್ಟೇ ತೆರೆಯುತ್ತಿತ್ತು. ಆಗ ಬಸವರಾಜ ಮತ್ತೆ ಬಂದ. ಈ ಸಲ ಒಂದು ಬಾಟಲಿ ಎಣ್ಣೆ ತಂದಿದ್ದ. ಉಲ್ಹಾಸನಗರದಲ್ಲಿ ಯಾರೋ ಮೂಳೆ ಕೂಡಿಸುವವರು ಕೊಟ್ಟದ್ದು. ಕಪ್ಪಗಿತ್ತು. ಮುಚ್ಚಳ ತೆಗೆದರೆ ಶೆಟ್ಟರ ಮನೆಯವರೆಗೂ ವಾಸನೆ.

"ಬಿಸಿ ಮಾಡಿ ಘಟ್ಟ್ಯಾಗಿ ತಿಕ್ಕಿ ಒಂದ್ ಸಲ ಜಗ್ಗಿಬಿಟ್ರ ಕೈ ಸೀದಾ ಆಗ್ತದ, ಭಾವಜಿ. ನೀವು ತಿಂಗಳಾನಗಟ್ಲೆ ಕಬಡ್ಡಿ ಕಬಡ್ಡಿ ಅನ್ಕೋತ ಕುಂತೀರಿ."

"ಡಾಕ್ಟರ್ ತಿಕ್ಕಬಾರದು ಅಂದಿದ್ದಾರೆ, ಬಸವರಾಜ. ತಿಕ್ಕಿ ಜಗ್ಗಿದರೆ ಸ್ನಾಯುವಿನೊಳಗೇ ಮೂಳೆ ಬೆಳೆದು ಕೀಲು ಕಟ್ಟಿಬಿಡಬಹುದಂತೆ."

"ಹಂಗೆಲ್ಲಾ ಏನೂ ಆಗೂದಿಲ್ರಿ." ಅವನು ಆಗಲೇ ಅಡುಗೆಮನೆಗೆ ಹೊರಟಿದ್ದ. ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡದೆ, ಮೆತ್ತಗೆ ಅಂದ: "ಅಕ್ಕ ಇದ್ದಿದ್ರ ಹಚ್ಚಸ್ತಿದ್ಲು."

ಅವನು ಅಕ್ಕನನ್ನು ಕಳೆದುಕೊಂಡಿದ್ದ. ಹೇಗೆ ಬೇಡ ಎನ್ನಲಿ? ಅಕ್ಕನಿಗಾಗಿ ಏನೂ ಮಾಡಲು ಅವನಿಗೆ ಹೊತ್ತು ಸಿಕ್ಕಿರಲಿಲ್ಲ. ಈಗ ಅಕ್ಕನ ಮಗಳಿಗೆ ಏನಾದರೂ ಮಾಡಲೇಬೇಕಿತ್ತು. ಗ್ಯಾಸ್ ಹಚ್ಚುವ ಸದ್ದು ಕೇಳಿತು. ನಾನು ನಿಂತೇ ಇದ್ದೆ.

ಆಗ ಸೋಫಾದ ಮೂಲೆಯಿಂದ ಒಂದು ದನಿ ಬಂತು.

"ಮಾಮಾ. ಬ್ಯಾಡಂದ್ರ ಬ್ಯಾಡ."

ಕನ್ನಡ. ಅದೂ ಪೂರ್ತಿ ಅವಳ ಅಮ್ಮನ ಕನ್ನಡ. "ಬ್ಯಾಡ" ಎನ್ನುವಾಗ ಸುಮಂಗಲಾ ಒತ್ತುತ್ತಿದ್ದ ಜಾಗದಲ್ಲೇ ಒತ್ತು. ತನಗೆ ಇಷ್ಟು ಕನ್ನಡ ಬರುತ್ತದೆಂದು ಪಲ್ಲವಿಗೂ ಗೊತ್ತಿರಲಿಲ್ಲವೇನೋ, ತಾನೇ ಬೆಚ್ಚಿ ಕೂತಿದ್ದಳು.

ಬಸವರಾಜ ಗ್ಯಾಸ್ ಆರಿಸಿದ. ಹೊರಗೆ ಬಂದು ಕುರ್ಚಿಯ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತ. ಆಮೇಲೆ ಮೂಗು ಒರೆಸಿಕೊಂಡು "ಹಂಗಾರ ಎಣ್ಣಿ ಏನ್ ಮಾಡೂದು?" ಎಂದ. ಎಣ್ಣೆ ಕೊನೆಗೂ ಒಂದು ಕೀಲಿಗೇ ಬಿತ್ತು. ನಮ್ಮ ಬಾಲ್ಕನಿಯ ಬಾಗಿಲು ಈಗ ಕಿರುಗುಟ್ಟುವುದಿಲ್ಲ. ವಾಸನೆ ಮಾತ್ರ ಇನ್ನೂ ಇದೆ.

ಕಳೆದ ವಾರ ಕೊನೆಯ ಎಕ್ಸ್-ರೇ ಆಯಿತು. ಬಿರುಕು ಕೂಡಿದೆ. ಪಲ್ಲವಿಯ ಬೆರಳು ಹೆಗಲು ಮುಟ್ಟುತ್ತದೆ. ಕೈ ಹೆಚ್ಚುಕಡಿಮೆ ನೇರವಾಗುತ್ತದೆ, ಕೊನೆಯ ಒಂದಿಷ್ಟು ಬಿಟ್ಟು. ಪಕ್ಕದಲ್ಲಿ ಎಡಗೈ ಚಾಚಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. "ಅದು ಬರಬಹುದು, ಬಾರದೆಯೂ ಇರಬಹುದು" ಎಂದರು ಡಾಕ್ಟರಮ್ಮ. "ಅದಿಲ್ಲದೆಯೂ ಆಡಬಹುದು." ಪಲ್ಲವಿ ಅಂಗಳಕ್ಕೆ ಇಳಿದಿದ್ದಾಳೆ. ಬೀಳುವುದು ಹೇಗೆಂದು ಕೋಚ್ ಮೊದಲಿನಿಂದ ಕಲಿಸುತ್ತಿದ್ದಾನೆ. ಆಯ್ಕೆ ಬರುವ ಭಾನುವಾರ.

ಮೊನ್ನೆ ನಾನು ಸ್ಲೋ ಗಾಡಿ ಹಿಡಿದೆ. ಯಾಕೆ ಎಂದು ಕೇಳಬೇಡಿ. ಸೀಟು ಸಿಕ್ಕಿತು, ಹತ್ತಿದೆ. ದಿವಾ ದಾಟಿತು. ಗಾಡಿ ನಿಧಾನವಾಯಿತು. ಹಳದಿ ಬೋರ್ಡು ಬಂತು. ಕೈ ತಾನಾಗಿ ಜೇಬಿಗೆ ಹೋಯಿತು. ಮನೆಗೆ ಫೋನ್ ಮಾಡಿದೆ. ಪಲ್ಲವಿ ಎತ್ತಿಕೊಂಡಳು.

"ಕೋಪರ್" ಎಂದೆ.

"ಠೀಕ್ ಹೈ ಪಪ್ಪಾ" ಎಂದಳು. "ಥೋಡಾ ಬಾಕಿ ಹೈ. ದುಖ್ತಾ ನಹೀಂ."

ಚೆನ್ನಾಗಿದೆ, ಸ್ವಲ್ಪ ಬಾಕಿ ಇದೆ, ನೋಯುವುದಿಲ್ಲ. ನಾನು ತಿದ್ದಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು?

ರಿಕ್ಷಾ ಸಾಲಿನಲ್ಲಿ ನಿಂತೆ. ಮೆಟ್ಟಿಲು ಹತ್ತಿದೆ. ಬೋರಲು ಹಾಕಿದ ಪಾತ್ರೆ ಎತ್ತಿ ತೊಳೆದು ನಾನೇ ಚಹಾಕ್ಕೆ ಇಟ್ಟೆ. ಪಲ್ಲವಿ ಬಲಗೈಯಲ್ಲೇ ಕಪ್ ಹಿಡಿದು ಒಂದು ಗುಟುಕು ಕುಡಿದಳು. "ಅದ್ರಕ್ ಜ್ಯಾದಾ ಹೋ ಗಯಾ, ಪಪ್ಪಾ" ಎಂದಳು. ಶುಂಠಿ ಜಾಸ್ತಿಯಾಗಿದೆ.

ನಾಳೆ ಕಮ್ಮಿ ಹಾಕುತ್ತೇನೆ ಎಂದೆ.

ಮೂಳೆ ಕೂಡಿದೆ. ಕೈ ಆಡುತ್ತಿದೆ. ಚಹಾ ಕೂಡ ಆಗುತ್ತಿದೆ. ಕೋಪರ್ ಬಂತು ಎಂದರೆ "ಹೂಂ" ಎನ್ನುವವಳು ಇಲ್ಲ.